ಕೆರೆ ಏರಿಯ ಮೇಲಿನ ಫಟಫಟಿ

ನನ್ನ ಮೋಟಾರ್ ಸೈಕಲ್ಲಿಗೆ ಹಾನಗಲ್ಲಿನಲ್ಲಿ ಯಾರೂ ಮೋಟಾರ್ ಸೈಕಲ್ಲು ಎನ್ನುತ್ತಿರಲಿಲ್ಲ. ಫಟಫಟಿ ಎನ್ನುತ್ತಿದ್ದರು. ಊರಿಗೆಲ್ಲ ಅದೊಂದೇ ಇದ್ದುದರಿಂದ ಯಾರ ಫಟಫಟಿ ಎಂದು ಕೇಳುವ ಪ್ರಸಂಗವೂ ಬರುತ್ತಿರಲಿಲ್ಲ. ನಾನು ಅಲ್ಲಿ ಸ್ವಂತ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರು. ತಿಳವಳ್ಳಿ, ಹಿರೇಕೆರೂರು, ಶಿಗ್ಗಾಂವ, ಹೀಗೆ ಸಂತೆ ಯಾವ ಊರಿಗೋ ಆ ದಿನ ನಾನೂ ಆ ಊರಿಗೆ. ಸಂತೆಗೆ ಬಂದವರು ಮೆಣಸಿನಕಾಯಿ, ಬೆಲ್ಲ ಕೊಂಡಾದ ಮೇಲೆ ತಮ್ಮ ಕೆಮ್ಮು, ಜ್ವರ, ಹುಣ್ಣುಗಳನ್ನೂ ತೋರಿಸಿಕೊಂಡು ಹೋಗುತ್ತಿದ್ದರು.

ಗಾಡಿ ಮೊದಲನೆಯ ಮಹಾಯುದ್ಧದ ಕಾಲದ್ದು, ವಿಲಾಯತಿಯದು. ಮೂವತ್ತರ ದಶಕದ ಕೊನೆಯಲ್ಲಿ, ತನ್ನ ದೇಶಕ್ಕೆ ಹೊರಟು ನಿಂತಿದ್ದ ಒಬ್ಬ ಪಾದ್ರಿಯಿಂದ ಅದನ್ನು ಕೊಂಡಿದ್ದೆ. "ಇದಕ್ಕೆ ವಯಸ್ಸಾಗಿದೆ, ದಯವಿಟ್ಟು ಬೈಯಬೇಡಿ" ಎಂದು ಆತ ಹೇಳಿಯೇ ಕೊಟ್ಟಿದ್ದ. ನಾನು ಬೈಯದ ದಿನವಿರಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಾಡಿಯೂ ಅದೇ ಜಾತಿಯದು. ಬೆಳಿಗ್ಗೆ ಇಬ್ಬರಿಗೂ ಜಗಳವಾಗಿಯೇ ಪ್ರಯಾಣ ಸುರುವಾಗುತ್ತಿತ್ತು.

ಅದರ ಸದ್ದು ಒಂದೇ ಸಮ ಇರುತ್ತಿರಲಿಲ್ಲ. ನಾಲ್ಕಾರು ಸಲ ಜೋರಾಗಿ ಬಡಿದು, ನಡುವೆ ಏನೋ ಮರೆತಂತೆ ತಡೆದು, ಮತ್ತೆ ಬಡಿಯುತ್ತಿತ್ತು. ಸಂಜೆ ನಾನು ಊರ ಹೊರಗಿನ ಕೆರೆ ಏರಿಗೆ ಬಂದೆನೆಂದರೆ ಆ ಸದ್ದು ನೀರಿನ ಮೇಲಿಂದ ಹಾಯ್ದು ನಮ್ಮ ಓಣಿಗೆ ಮುಟ್ಟುತ್ತಿತ್ತು. ನನ್ನ ಹೆಂಡತಿ ಆಗ ಒಲೆಯ ಮೇಲೆ ಅನ್ನಕ್ಕೆ ಇಡುತ್ತಿದ್ದಳು. ನಾನು ಬಂದು, ಕೈಕಾಲು ತೊಳೆದು, ಸಂಧ್ಯಾವಂದನೆ ಮುಗಿಸಿ ಎಲೆಯ ಮುಂದೆ ಕೂರುವ ಹೊತ್ತಿಗೆ ಅನ್ನ ಬಸಿದು ಇಳಿದಿರುತ್ತಿತ್ತು. ನಾನು ಉಣ್ಣದೆ ಆಕೆ ಉಣ್ಣುತ್ತಿರಲಿಲ್ಲ. ಎಷ್ಟು ಹೇಳಿದರೂ ಕೇಳಲಿಲ್ಲ.

"ನೀವು ಎಷ್ಟೊತ್ತಿಗೆ ಬರ್ತೀರಂತ ನಿಮಗೇ ಗೊತ್ತಿರೂದಿಲ್ಲ. ನನಗ ನಿಮ್ಮ ಫಟಫಟಿ ಹೇಳ್ತದ" ಎನ್ನುತ್ತಿದ್ದಳು.

ಎರಡನೆಯ ಯುದ್ಧ ಸುರುವಾದ ಮೇಲೆ ಇಂಜಿನ್ ಎಣ್ಣೆ ಸಿಗದಾಯಿತು. ಪೆಟ್ರೋಲಿಗೆ ಕೂಪನ್ನು, ಡಾಕ್ಟರೆಂದು ನನಗೆ ಅಷ್ಟಿಷ್ಟು ಕೊಡುತ್ತಿದ್ದರು. ಎಣ್ಣೆ ಕೇಳಿದರೆ ಮಾತ್ರ ಪ್ರತಿ ಅಂಗಡಿಯವನೂ ಇಲ್ಲವೆಂದು ಕೈ ಆಡಿಸಿಬಿಡುತ್ತಿದ್ದ. ಮೊದಮೊದಲು ವಿಮಾನಗಳಿಗೂ ಔಡಲ ಎಣ್ಣೆಯನ್ನೇ, ಅಂದರೆ ಹರಳೆಣ್ಣೆಯನ್ನೇ, ಹಾಕುತ್ತಿದ್ದರೆಂದು ನಾನು ಎಲ್ಲಿಯೋ ಓದಿದ್ದೆ. ಒಂದು ದಿನ ಊಟದ ಹೊತ್ತಿಗೆ ಅದನ್ನು ಹೇಳಿದೆ. ಮರುದಿನವೇ ಆಕೆ ಔಡಲ ಕಾಳು ಹುರಿಯಲು ಕೂತಳು. ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸವಟಿನಿಂದ ತೆಗೆದು, ಅದರೊಳಗಿನ ನೀರು ಚಟಚಟ ಅನ್ನುವುದು ನಿಲ್ಲುವ ತನಕ ಮತ್ತೆ ಕಾಸುತ್ತಿದ್ದಳು. ತಣ್ಣಗಾದ ಮೇಲೆ ಅರಿವೆಯಲ್ಲಿ ಸೋಸಿ ಹಿತ್ತಲ ಕೋಣೆಯ ಮಣ್ಣಿನ ಗಡಿಗೆಯಲ್ಲಿ ಹಾಕಿಡುತ್ತಿದ್ದಳು. ತಲೆಗೆ ಹಚ್ಚುವ ಎಣ್ಣೆ ಬೇರೆ, ಗಾಡಿಯ ಎಣ್ಣೆ ಬೇರೆ. ಗಾಡಿಯ ಗಡಿಗೆಗೆ ಸುಣ್ಣದ ಬೊಟ್ಟು ಇಟ್ಟಿದ್ದಳು.

ಅಂದಿನಿಂದ ಗಾಡಿಯ ಹೊಗೆಯಲ್ಲಿ ಔಡಲದ ವಾಸನೆ ಬರತೊಡಗಿತು. ಸಂತೆಯಲ್ಲಿ ಜನ ಮೂಗು ಮುಚ್ಚಿ ನಗುತ್ತಿದ್ದರು. "ಡಾಕ್ಟರ್ ಬರೂಕಿಂತ ಮೊದ್ಲ ಜುಲಾಬು ಬಂತ ನೋಡ್ರಿ" ಎಂದು ಹಿರೇಕೆರೂರಿನ ಒಬ್ಬ ಕಿರಾಣಿ ವ್ಯಾಪಾರಿ ಎಲ್ಲರೆದುರೇ ಅಂದ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಹೇಳಿದರೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು.

ಯುದ್ಧ ಮುಗಿದ ಮರುವರ್ಷ ಆಕೆ ಜ್ವರದಿಂದ ತೀರಿಕೊಂಡಳು. ವಿಷಮಶೀತ ಜ್ವರ. ಅದಕ್ಕೆ ಆಗ ನಮ್ಮ ಕೈಯಲ್ಲಿ ಮದ್ದಿರಲಿಲ್ಲ. ಗಂಜಿ, ಹಣೆಗೆ ತಣ್ಣೀರ ಪಟ್ಟಿ, ಮತ್ತೆ ಕಾಯುವುದು. ನಾನು ಡಾಕ್ಟರು ಎನ್ನುವ ಮಾತಿಗೆ ಆ ದಿನಗಳಲ್ಲಿ ಅರ್ಥವೇ ಇರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಕರ್ಮಕ್ಕೆಂದು ನನ್ನ ಅಕ್ಕ ಬಂದು ಮನೆ ಹಿಡಿದಳು. ಶಾಸ್ತ್ರದಲ್ಲಿ ಆಕೆ ಬಲು ಗಟ್ಟಿ. ಸೂತಕ ಕಳೆಯುವ ದಿನ ಮನೆಯಲ್ಲಿದ್ದ ಮಣ್ಣಿನ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿಸಿ ಒಡೆಸಿದಳು. ನೀರಿನ ಕೊಡ ಹೋಯಿತು, ಉಪ್ಪಿನಕಾಯಿಯ ಗಡಿಗೆ ಹೋಯಿತು, ಸುಣ್ಣದ ಬೊಟ್ಟಿನ ಎಣ್ಣೆ ಗಡಿಗೆಯೂ ಹೋಯಿತು. ನಾನು ಸ್ನಾನ ಮುಗಿಸಿ ಹಿತ್ತಿಲಿಗೆ ಬಂದಾಗ ತಿಪ್ಪೆಯ ಮಗ್ಗುಲಲ್ಲಿ ಎಣ್ಣೆ ಮಣ್ಣಿನೊಳಗೆ ಇಂಗುತ್ತಿತ್ತು.

"ಅದು ಗಾಡಿ ಎಣ್ಣಿ ಆಗಿತ್ತಕ್ಕ" ಅಂದೆ.

"ಗಾಡೀದಾದ್ರೇನು, ಮನಿಯೊಳಗಿದ್ದದ್ದು ಹೌದಲ್ಲೋ?" ಎಂದಳು ಅಕ್ಕ.

ಹೋಗುವ ಮುಂಚೆ ಅಕ್ಕ ಇನ್ನೊಂದು ಮಾತನ್ನೂ ಆಡಿದಳು. "ಶಿಗ್ಗಾಂವದಾಗ ಒಂದು ಹುಡುಗಿ ಅದ. ವರ್ಷಾಂತಿಕ ಮುಗೀಲಿ, ನೋಡೋಣಂತ. ನಿನಗೇನು ಭಾಳ ವಯಸ್ಸಾಗಿಲ್ಲ." ನಾನು ಹಿರಿಯರೆದುರು ಆಡಬಾರದ ಮಾತು ಆಡಿದೆ. ಆಕೆ ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಆಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದೆ.

ಹಗಲು ಹೇಗೋ ಕಳೆಯುತ್ತಿತ್ತು. ರೋಗಿಗಳಿರುತ್ತಿದ್ದರು, ಬೈಯಲು ಗಾಡಿ ಇರುತ್ತಿತ್ತು. ಊಟಕ್ಕೆ ದೇವಸ್ಥಾನದ ಹತ್ತಿರದ ಭಟ್ಟರ ಮನೆಯಲ್ಲಿ ವ್ಯವಸ್ಥೆ ಮಾಡಿಕೊಂಡಿದ್ದೆ. ಹೊರಗೂರಿಗೆ ಹೋದ ದಿನ ಸಂಜೆ ಕೆರೆ ಏರಿಗೆ ಬರುವುದೇ ಕಷ್ಟವಾಗುತ್ತಿತ್ತು. ಗಾಡಿ ಎಂದಿನಂತೆ ಬಡಿಯುವುದು, ತಡೆಯುವುದು, ಬಡಿಯುವುದು. ನನ್ನ ಕೈ ತಾನಾಗಿಯೇ ವೇಗ ಹೆಚ್ಚಿಸುತ್ತಿತ್ತು, ಅನ್ನ ಆರಿಹೋದೀತು ಎನ್ನುವ ಹಾಗೆ. ಏರಿ ಇಳಿದ ಮೇಲೆ ನೆನಪಾಗುತ್ತಿತ್ತು.

ಮನೆಗೆ ಬಂದರೆ ಕಟ್ಟೆಯ ಮೇಲೆ ಕಂದೀಲು ಉರಿಯುತ್ತಿರುತ್ತಿತ್ತು. ಕಸ ಗುಡಿಸಲು ಬರುವ ಹೆಣ್ಣುಮಗಳು ಹಚ್ಚಿಟ್ಟು ಹೋಗುತ್ತಾಳೆ ಅಂದುಕೊಂಡಿದ್ದೆ. ಪಕ್ಕದ ಮನೆಯ ಹೂಗಾರ ಅಜ್ಜಿ ತನ್ನ ಕಟ್ಟೆಯ ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹುಬ್ಬಳ್ಳಿಗೆ ಹೋಗಿ ತೆಗೆಸಿಕೋ ಎಂದರೆ, "ಮಾಲಿ ಕಟ್ಟಾಕ ಕಣ್ಣ ಯಾಕ ಬೇಕ್ರಿ, ಬೆರಳ ಸಾಕು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಅವಳದು.

"ಬಂದ್ರೇನ್ರಿ ಡಾಕ್ಟರಪ್ಪಾ? ಊಟಾತೇನ್ರಿ?"

"ಆತು" ಎಂದು ನಾನು ಒಳಗೆ ಹೋಗಿಬಿಡುತ್ತಿದ್ದೆ. ಕನಿಕರದ ಮಾತು ಅಂದರೆ ಆಗ ನನಗೆ ಆಗುತ್ತಿರಲಿಲ್ಲ.

ಗಾಡಿಯ ಎಣ್ಣೆ ಟಾಕಿಯಲ್ಲಿ ನನ್ನ ಹೆಂಡತಿ ಕಾಸಿದ ಎಣ್ಣೆ ಇನ್ನೂ ಸ್ವಲ್ಪ ಉಳಿದಿತ್ತು. ಅದು ತಳ ಮುಟ್ಟುತ್ತ ಬಂದಾಗ ಅಂಗಡಿಯಿಂದ ಡಬ್ಬಿಯ ಎಣ್ಣೆ ತಂದು ಅದರ ಮೇಲೆಯೇ ಸುರಿದೆ. ಯುದ್ಧ ಮುಗಿದು ಅಂಗಡಿಗಳಿಗೆ ಮತ್ತೆ ಎಣ್ಣೆ ಬಂದಿತ್ತು. ಹಳೆಯದನ್ನು ಪೂರ್ತಿ ತೆಗೆದು, ಟಾಕಿ ತೊಳೆದು ಹೊಸದು ಹಾಕಬೇಕಾಗಿತ್ತು. ತೊಳೆಯಲು ಮನಸ್ಸು ಬರಲಿಲ್ಲ. ಅಷ್ಟೇ ಸಂಗತಿ.

ಒಂದು ದಿನ ಶಿಗ್ಗಾಂವದ ಸಂತೆ ಮುಗಿಸಿ, ಸವಣೂರಿನಲ್ಲಿ ಒಬ್ಬ ರೋಗಿಯನ್ನು ನೋಡಲು ಹೊರಟಿದ್ದೆ. ಅರ್ಧ ದಾರಿಯಲ್ಲಿ ಇಂಜಿನು ಒಮ್ಮೆ ನರಳಿ ಗಪ್ಪನೆ ಕಚ್ಚಿಕೊಂಡಿತು. ಮೆಣಸಿನಕಾಯಿ ಚೀಲ ಇಳಿಸಿ ಖಾಲಿ ಹೊರಟಿದ್ದ ಚಕ್ಕಡಿಯೊಂದರಲ್ಲಿ ಗಾಡಿಯನ್ನು ಮಲಗಿಸಿಕೊಂಡು ಸವಣೂರು ಸೇರಿದೆ. ಚಕ್ಕಡಿಯ ಘಾಟಿಗೆ ದಾರಿಯುದ್ದಕ್ಕೂ ಸೀನು. ಗಾಡಿಯನ್ನು ಬೈಯುವುದಕ್ಕೂ ಉಸಿರು ಸಿಗಲಿಲ್ಲ.

ಸವಣೂರಿನ ಮಿಸ್ತ್ರಿ ಸುತ್ತಲಿನ ಮೋಟಾರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಸಾಹೇಬರು. ನನಗಿಂತ ಹಿರಿಯರು, ಮಾತುಗಾರರು. ಅವರ ಬಾಯಲ್ಲಿ ಆ ಊರಿನ ಎಳೆಯ ವೀಳ್ಯದೆಲೆ ಇಲ್ಲದ ಹೊತ್ತನ್ನು ನಾನು ನೋಡಲಿಲ್ಲ. ಇಂಜಿನು ಬಿಚ್ಚಿದರು. ಪಿಸ್ಟನ್ನಿನ ಸುತ್ತ ಕಂದು ಬಣ್ಣದ ಅಂಟು ಹಲಸಿನ ಮೇಣದಂತೆ ಹಿಡಿದಿತ್ತು. ಔಡಲೆಣ್ಣೆಗೂ ಡಬ್ಬಿ ಎಣ್ಣೆಗೂ ಕೂಡಿಬಂದಿರಲಿಲ್ಲ. ನೋಡಿದ ಕೂಡಲೇ ನನಗೆ ತಿಳಿಯಿತು. ಅಂಟಿನಿಂದ ಅದೇ ಹಳೆಯ ವಾಸನೆ ಎದ್ದು ಮುಖಕ್ಕೆ ಬಡಿಯಿತು. ನಾನು ಎದ್ದು ಹೊರಗೆ ಹೋದೆ.

ಒಳಗೆ ಬಂದಾಗ ಮಿಸ್ತ್ರಿ ಹೇಳಿದರು: "ಡಾಕ್ಟರ್ ಸಾಹೇಬ್ರ, ಈಗ ಬಿಡಿಸಿ, ತೊಳದು ಕೊಡ್ತೇನ್ರಿ. ಮನಿ ಮುಟ್ಟತೀರಿ. ಖರೇ ಹೇಳ್ಬೇಕಂದ್ರ ಸಿಲಿಂಡರ್ ಸವದು ಖಲಾಸ್ ಆಗೇತಿ. ಮೊದ್ಲ ಯಾರೋ ಒಮ್ಮಿ ಬೋರ್ ಮಾಡ್ಸ್ಯಾರ. ಇನ್ನೊಮ್ಮಿ ಕೊರದ್ರ ಗ್ವಾಡೀನ ಉಳಿಯಂಗಿಲ್ಲ."

"ಹಂಗಾದ್ರ?"

"ಎರಡು ದಾರಿ ಅದಾವ್ರಿ. ಹುಬ್ಬಳ್ಳಿಗೆ ಕಳಿಸಿ ಒಳಗೊಂದು ಹೊಸಾ ಕೊಳವಿ ಕೂಡ್ಸೂದು. ಅದಕ್ಕ ಒಪ್ಪೂ ಪಿಸ್ಟನ್ ಸಿಗೂದು ಅಲ್ಲಾಗ ಗೊತ್ತು. ಮಾಡ್ಸಿದ್ರೂ ಒಂದು ಮಳಿಗಾಲ ನಡದ್ರ ಪುಣ್ಯಾ. ಇಲ್ಲಾಂದ್ರ ಬೆಳಗಾವ್ಯಾಗ ಮಿಲ್ಟ್ರಿ ಗಾಡಿ ಲಿಲಾವು ನಡದೈತಿ. ಅಲ್ಲಿಂದ ಒಂದು ಇಂಜಿನ್ ತಂದು ಇದಕ್ಕ ಕೂಡಸ್ತೇನಿ. ಆಮ್ಯಾಲೆ ನೀವು ಕಣ್ಣ ಮುಚ್ಚಿ ಓಡಸ್ರಿ."

"ಅದರ ಸದ್ದು ಹೆಂಗಿರ್ತದ?" ಎಂದು ಕೇಳಿದೆ.

ಮಿಸ್ತ್ರಿ ಎಲೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಸಪ್ಪಳಾ? ಹೊಲಿಗಿ ಮಷಿನ್ ಇದ್ದಂಗ ಇರತೈತ್ರಿ. ಮತ್ತ ಸಪ್ಪಳಾ ತಗೊಂಡು ಏನ್ ಮಾಡೂದೈತ್ರಿ?"

ಅವರಿಗೆ ಹೇಗೆ ಹೇಳಲಿ? ಆ ಬಡಿತ, ಆ ತಡೆತ ಆಕೆಯ ಕಿವಿಗೆ ಗೊತ್ತಿತ್ತು. ಆಕೆ ಮುಟ್ಟಿದ ಸೀರೆ, ಬಳೆಗಳನ್ನು ಅಕ್ಕ ಹಂಚಿದ್ದಳು. ಆಕೆ ಕಾಸಿದ ಎಣ್ಣೆಯನ್ನು ಮಣ್ಣು ಕುಡಿದಿತ್ತು. ಆಕೆ ದಿನವೂ ಕಿವಿಗೊಟ್ಟ ಸದ್ದು ಇದೊಂದು ನನ್ನ ಹತ್ತಿರ ಉಳಿದಿತ್ತು. ಅದನ್ನು ಸವಣೂರಿನ ಗುಜರಿಗೆ ಹಾಕಿ ಬರಲೇ? ವಿಚಾರ ಮಾಡಿ ಹೇಳುತ್ತೇನೆ ಎಂದು, ತೊಳೆಸಿದ ಇಂಜಿನಿನಲ್ಲಿ ಕುಂಟುತ್ತ ಹಾನಗಲ್ಲಿಗೆ ಬಂದೆ. ಕಂದೀಲು ಉರಿಯುತ್ತಿತ್ತು. ಅಜ್ಜಿ ಊಟಾತೇನ್ರಿ ಎಂದಳು.

ಮುಂದಿನ ಕೆಲವು ವಾರ ನಾನು ಮಾಡಿದ್ದೆಲ್ಲ ವಾದವೇ. ರಿಪೇರಿ ಮಾಡಿಸೋಣ ಎಂದು ಬೆಳಿಗ್ಗೆ ನಿಶ್ಚಯಿಸಿದರೆ, ಕಿಕ್ ಹೊಡೆಯುವಾಗ ಕಾಲಿಗೆ ಎದುರು ಒತ್ತಡವೇ ಸಿಗದೆ ಮಧ್ಯಾಹ್ನಕ್ಕೆ ಮನಸ್ಸು ಬದಲಾಗುತ್ತಿತ್ತು. ಸಂಜೆ ಏರಿಯ ಮೇಲೆ ಆ ಸದ್ದು ನೀರಿನ ಕಡೆಗೆ ಹರಿದುಹೋಗುವುದನ್ನು ಕೇಳಿದಾಗ ಮತ್ತೆ ರಿಪೇರಿಯೇ ಸರಿ ಅನಿಸುತ್ತಿತ್ತು. ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳುವ ಚಟ ಆಗ ಹತ್ತಿತು. ಕೇಳಿಸಿಕೊಳ್ಳುವವರಿಲ್ಲದ ಮನೆಯಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ತಿಳವಳ್ಳಿ ಅದನ್ನು ತೀರ್ಮಾನಿಸಿತು. ಒಂದು ಹೆರಿಗೆ ಕಷ್ಟವಾಗಿದೆ ಎಂದು ಕರೆ ಬಂತು. ಹೊರಟೆ. ಊರು ಇನ್ನೂ ದೂರವಿರುವಾಗ ಗಾಡಿ ನಿಂತಿತು. ಕಿಕ್ ಹೊಡೆದು ಹೊಡೆದು ಸೋತು, ಅದನ್ನು ಗದ್ದೆಯ ಬದುವಿಗೆ ಒರಗಿಸಿ, ಪೆಟ್ಟಿಗೆ ಹೊತ್ತುಕೊಂಡು ಬಿಸಿಲಿನಲ್ಲಿ ನಡೆದೆ. ನಾನು ಮುಟ್ಟುವ ಹೊತ್ತಿಗೆ ಅವರು ಆ ಹೆಂಗಸನ್ನು ಚಕ್ಕಡಿಗೆ ಏರಿಸುತ್ತಿದ್ದರು. ಇಳಿಸಿ ಒಳಗೆ ಕರೆದೊಯ್ದೆವು. ತಾಯಿ ಉಳಿದಳು, ಕೂಸೂ ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಚಕ್ಕಡಿ ಊರು ಬಿಟ್ಟಿರುತ್ತಿತ್ತು, ಆಮೇಲೆ ಏನಾಗುತ್ತಿತ್ತೋ ಹೇಳಲಾರೆ.

"ಫಟಫಟಿ ಸಪ್ಪಳಾನ ಕೇಳಲಿಲ್ರಿ. ನೀವು ಬರಂಗಿಲ್ಲಂತ ತಿಳಕೊಂಡ್ವಿ" ಎಂದ ಮನೆಯ ಯಜಮಾನ.

ಹಿಂದಿರುಗಿ ಬದುವಿನ ಹತ್ತಿರ ಕುಳಿತಾಗ ನನ್ನ ಮೇಲೆ ನನಗೇ ರೋಸಿಹೋಯಿತು. ಬದುಕಿರುವವರು ನನಗಾಗಿ ಕಾಯುತ್ತಿದ್ದಾರೆ, ನಾನು ಸತ್ತವಳ ಕಿವಿಗೆಂದು ಸವೆದ ಇಂಜಿನು ಕಾಪಾಡುತ್ತಿದ್ದೇನೆ. ಏರಿಯ ಮೇಲಿನ ಆ ಸದ್ದನ್ನು ಹಾನಗಲ್ಲಿನಲ್ಲಿ ಈಗ ಕೇಳುವವರು ಯಾರಿದ್ದಾರೆ? ಯಾರೂ ಇಲ್ಲ. ಆ ಮಾತನ್ನು ಅಂದು ಗಟ್ಟಿಯಾಗಿಯೇ ಅಂದೆ. ಮರುದಿನ ಸವಣೂರಿಗೆ ಹೇಳಿ ಕಳಿಸಿದೆ. ಬೆಳಗಾವಿಯ ಹರಾಜಿನಿಂದ ಇಂಜಿನು ಬಂದ ಸುದ್ದಿ ಮುಟ್ಟಿದಾಗ ಗಾಡಿಯನ್ನು ಒಯ್ದೆ.

ಹೊಸದು ಕೂಡಿಸುವ ತನಕ ಸವಣೂರಿನಲ್ಲೇ, ಜೊತೆಗೆ ಓದಿದ್ದ ಒಬ್ಬ ಗೆಳೆಯನ ಮನೆಯಲ್ಲಿ ಇದ್ದೆ. ಹಳೆಯ ಇಂಜಿನನ್ನು ಮಿಸ್ತ್ರಿ ಒಂದು ಗೋಣಿತಟ್ಟಿನ ಮೇಲೆ ಇಟ್ಟಿದ್ದರು. "ಮನಿಗೆ ಒಯ್ತೀರೇನ್ರಿ?" ಎಂದು ಕೇಳಿದರು. ಒಯ್ದು ಏನು ಮಾಡಲಿ? ಬೇಡ ಎಂದೆ. ಹೊಸ ಇಂಜಿನು ಒಂದೇ ಕಿಕ್ಕಿಗೆ ಎದ್ದಿತು. ಮಿಸ್ತ್ರಿ ಹೇಳಿದ್ದು ನಿಜ. ಸಣ್ಣ, ಸಮನಾದ ಸದ್ದು. ತಡೆಯುವುದಿಲ್ಲ, ಮರೆಯುವುದಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ದಾರಿಯಲ್ಲಿ ಬೈಯಲು ಒಂದು ಕಾರಣವೂ ಸಿಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಕೆರೆ ಏರಿ ದಾಟಿ ಓಣಿಗೆ ಬಂದೆ. ನಮ್ಮ ಕಟ್ಟೆ ಕತ್ತಲಾಗಿತ್ತು. ಕಂದೀಲು ಗೂಟಕ್ಕೆ ತೂಗುತ್ತಿತ್ತು, ಹಚ್ಚಿರಲಿಲ್ಲ. ಕೈಯಿಂದ ತಡವಿ ಬೀಗ ತೆಗೆಯುತ್ತ, ಕಸ ಗುಡಿಸುವವಳನ್ನು ಬಾಯಿಗೆ ಬಂದಂತೆ ಬೈದೆ. ದನಿ ಕೇಳಿ ಪಕ್ಕದ ಮನೆಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಅಯ್ಯ ಶಿವನ! ಡಾಕ್ಟರಪ್ಪಾ, ಯಾವಾಗ ಬಂದ್ರಿ? ನಡಕೊಂಡ ಬಂದ್ರೇನ್ರಿ?"

"ಗಾಡಿ ಮ್ಯಾಲೆ ಬಂದೆ."

"ಗಾಡಿ ಮ್ಯಾಲೆ? ನಿಮ್ಮ ಫಟಫಟಿ ಸಪ್ಪಳಾ ಬರಲಿಲ್ಲಲ್ರೀ! ಏರಿ ಮ್ಯಾಲೆ ಸಪ್ಪಳಾ ಬಂದ್ರ ಅಲ್ಲೇನ್ರಿ ನಾ ದೀಪಾ ಹಚ್ಚೂದು?"

ನನಗೆ ಅರ್ಥವಾಗಲಿಲ್ಲ. ಕಸದ ಹೆಣ್ಣುಮಗಳು ಹಚ್ಚುವುದಿಲ್ಲವೇ ಎಂದು ಕೇಳಿದೆ.

"ಅಕಿ ಹೊತ್ತು ಇದ್ದಾಗನ ಹೋಗ್ತಾಳ್ರಿ. ನಾನ ಹಚ್ಚತೇನಿ. ನಿಮ್ಮ ಮನಿಯಾಕಿ ಹಾಸಿಗಿ ಹಿಡದಾಗ ಹೇಳಿದ್ಲು. 'ಅಜ್ಜೀ, ಏರಿ ಮ್ಯಾಲೆ ಫಟಫಟಿ ಬಂತಂದ್ರ ಕಂದೀಲು ಹಚ್ಚು. ಅದಕ್ಕೂ ಮೊದಲ ಹಚ್ಚಬ್ಯಾಡ, ಚಿಮಣಿ ಎಣ್ಣಿ ರೇಶನ್ನಿಂದು. ಅವರು ಕತ್ತಲ್ಯಾಗ ಬೀಗಾ ತಡವಬಾರದು' ಅಂತ. ಸಪ್ಪಳಾ ಬಂದ ಕೂಡಲೇ ಎದ್ದು ಬರ್ತೇನ್ರಿ. ಹಚ್ಚಿ, ನೀವು ಒಳಗ ಹೋಗೂತನ ಇಲ್ಲೇ ಕಂಬಕ್ಕ ನಿಂದರ್ತೇನಿ."

ಅಷ್ಟು ಹೇಳಿ ಆಕೆ ಕಂದೀಲು ತಡವಿ ಇಳಿಸಿ, ಗಾಜು ಎತ್ತಿ, ಕಡ್ಡಿ ಗೀರಿದಳು. ಬೆಳಕಿನಲ್ಲಿ ಆಕೆಯ ಬಿಳಿಯ ಕಣ್ಣುಗಳು ಕಂಡವು. ಊಟಾತೇನ್ರಿ ಎಂದು ಕೇಳಿದಳು. ಇಷ್ಟು ದಿನ ಉರಿಮುಖ ಮಾಡಿಕೊಂಡು ಆತು ಅನ್ನುತ್ತಿದ್ದ ನಾನು ಅಂದು ಅವಳ ಕೈಯಿಂದ ಕಂದೀಲು ಇಸಿದುಕೊಂಡು ಗೂಟಕ್ಕೆ ತೂಗುಹಾಕಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹೆಂಡತಿ ಹೋದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ರೋಗಿಗಳನ್ನು ಬಿಟ್ಟು ಸವಣೂರಿಗೆ ಓಡಿದೆ. ಮಿಸ್ತ್ರಿಯ ಗೋಣಿತಟ್ಟು ಬರಿದಾಗಿತ್ತು. "ಮೋಡಕಾ ಗುಜರಿಯವ ಬಂದಿದ್ದಾ, ಒಗದು ಕೊಟ್ನ್ರಿ. ಇಷ್ಟೊತ್ತಿಗೆ ಒಡದು ತುಂಡ ಮಾಡಿರ್ತಾನ" ಎಂದರು. "ಯಾಕ್ರಿ, ಹೊಸಾದು ತ್ರಾಸು ಕೊಟ್ಟಿತೇನು?" ಇಲ್ಲ ಎಂದೆ. ಅದು ಏನೂ ತ್ರಾಸು ಕೊಟ್ಟಿರಲಿಲ್ಲ. ಮುಂದೆಯೂ ಕೊಡಲಿಲ್ಲ.

ಏರಿಯ ಮೇಲೆ ಹಾರ್ನು ಹೊಡೆದು ನೋಡಿದೆ. ಅಜ್ಜಿಗೆ ಹಾಗೆಂದು ಹೇಳಿಯೂ ಇದ್ದೆ. ಆದರೆ ಆ ವರ್ಷ ಊರಿಗೆ ಬಸ್ಸು, ಲಾರಿ ಹೆಚ್ಚಾಗಿದ್ದವು, ಎಲ್ಲಕ್ಕೂ ಹಾರ್ನು ಇತ್ತು. ಆಕೆ ಪ್ರತಿ ಹಾರ್ನಿಗೂ ಎದ್ದು ಬಂದು ಕಂದೀಲು ಹಚ್ಚುವುದು, ನಾನು ಬಾರದ್ದಕ್ಕೆ ಆರಿಸುವುದು, ಮತ್ತೆ ಬರುವುದು. ಒಂದು ಸಂಜೆ ಮೆಟ್ಟಿಲು ತಪ್ಪಿ ಮೊಣಕಾಲು ತರಚಿಕೊಂಡಳು. ನಾನೇ ಔಷಧ ಹಚ್ಚಿ ಪಟ್ಟಿ ಕಟ್ಟಿದೆ. ಆಗ ಆಕೆ ತಾನೇ ಒಂದು ಉಪಾಯ ಹೇಳಿದಳು.

"ನಿಮ್ಮ ಹೊಸಾ ಗಾಡಿ ಗುರ್ತ ಸಿಗವಲ್ದರಿ ನನಗ. ಇನ್ನ ಹೊತ್ತು ಮುಣಗಿದ ಕೂಡಲೇ ಹಚ್ಚಿಟ್ಟು ಹೋಗಿಬಿಡ್ತೇನಿ. ನೀವು ಎಷ್ಟೊತ್ತಿಗೆ ಬಂದ್ರೂ ಬೆಳಕಿರತೈತಿ."

ಹಾಗೇ ಮಾಡು ಎಂದೆ. ಚಿಮಣಿ ಎಣ್ಣೆ ನಾನು ಹೇಗಾದರೂ ಹೊಂದಿಸಿಕೊಡುತ್ತೇನೆ ಎಂದೆ.

ಆಕೆ ಮಾತಿಗೆ ತಪ್ಪಲಿಲ್ಲ. ಮುಂದೆ ನಾನು ಹಾನಗಲ್ಲು ಬಿಡುವ ತನಕ, ಹಿರೇಕೆರೂರಿನಿಂದ ಬರಲಿ, ತಿಳವಳ್ಳಿಯಿಂದ ಬರಲಿ, ಗಾಡಿ ಒಂದು ದಿನವೂ ಕೈಕೊಡಲಿಲ್ಲ. ಏರಿಯನ್ನು ಸದ್ದಿಲ್ಲದಂತೆ ದಾಟಿ ಮನೆಯ ಮುಂದೆ ನಿಲ್ಲುತ್ತಿದ್ದೆ. ಕಂದೀಲು ಉರಿಯುತ್ತಿರುತ್ತಿತ್ತು. ಕಂಬದ ಹತ್ತಿರ ಯಾರೂ ಇರುತ್ತಿರಲಿಲ್ಲ.